ಹಸಿರು ದೀಪದ ಹಿಂದೆ



ಕಮಲಾಪುರದಿಂದ ಕಾಲೇಜಿಗೆ ಹೋಗುವ ನಿಮ್ಮಲ್ಲಿ ಹಲವರು ಮುಂದೆ ಕಂಪ್ಯೂಟರ್ ಓದಿ ಬೆಂಗಳೂರು ಸೇರುವವರು. ಅಲ್ಲಿ ಹಸಿರು ದೀಪ ಕಂಡೊಡನೆ ರಸ್ತೆ ದಾಟುತ್ತೀರಿ. ಅಡ್ಡರಸ್ತೆಯವರಿಗೆ ಆಗ ಕೆಂಪೇ ಇರುತ್ತದೆಂದು ನಿಮಗೆ ಮಾತು ಕೊಟ್ಟವರು ಯಾರು? ಒಂದು ಸಾಫ್ಟ್‌ವೇರ್. ಅದು ತಪ್ಪಿದರೆ? ಅಮೆರಿಕದಂಥ ದೇಶಗಳಲ್ಲಿ ಸಿಗ್ನಲ್ ಪೆಟ್ಟಿಗೆಯೊಳಗೆ ಬೇರೊಂದು ಕಾವಲು ಸಾಧನ ಇಟ್ಟಿರುತ್ತಾರೆ. ಅದು ಸಾಫ್ಟ್‌ವೇರನ್ನು ನಂಬುವುದೇ ಇಲ್ಲ. ದೀಪಗಳಿಗೆ ಹೋಗುವ ವಿದ್ಯುತ್ತನ್ನೇ ನೋಡುತ್ತದೆ. ಎರಡೂ ರಸ್ತೆಗೆ ಹಸಿರು ಬಂದರೆ ಎಲ್ಲ ದೀಪಗಳನ್ನು ಮಿನುಗುವ ಸ್ಥಿತಿಗೆ ತಂದುಬಿಡುತ್ತದೆ. 2014ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅಧಿಕಾರಿಗಳ ಒಪ್ಪಿಗೆ ಪಡೆದು ಸಿಗ್ನಲ್ ಜಾಲದೊಳಗೆ ಹೊಕ್ಕರು. ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಉಳಿದಿತ್ತು! ದೀಪ ಬದಲಿಸಲು ಸುಲಭವಾಯಿತು. ಆದರೆ ಎರಡೂ ಕಡೆ ಹಸಿರು ತೋರಿಸಲು ಆ ಕಾವಲು ಬಿಡುವಂತಿರಲಿಲ್ಲ.

ರೈಲಿನಲ್ಲಿ ಇಂಥ ಕಾವಲಿಗೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಹಳಿ ಬದಲಿಸುವ ಪಾಯಿಂಟ್ ಸರಿಯಾಗಿ ಕೂಡದೆ ಹಸಿರು ಬರಕೂಡದು. ಹಿಂದೆ ಲಿವರ್‌ಗಳು, ರಿಲೇಗಳು ಇದನ್ನು ಮಾಡುತ್ತಿದ್ದವು. ಈಗ ಸಾವಿರಾರು ನಿಲ್ದಾಣಗಳಲ್ಲಿ ಕಂಪ್ಯೂಟರ್ ಮಾಡುತ್ತದೆ.

2023ರ ಫೆಬ್ರವರಿ 8ರ ಸಂಜೆ ನಮ್ಮದೇ ನೈಋತ್ಯ ರೈಲ್ವೆಯ ಹೊಸದುರ್ಗ ರೋಡ್ ನಿಲ್ದಾಣದಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಸ್ಟೇಷನ್ ಮಾಸ್ಟರರ ಪ್ಯಾನೆಲ್‌ನಲ್ಲಿ ಮಾರ್ಗ ಸರಿಯಾಗಿಯೇ ಕಾಣುತ್ತಿತ್ತು. ಪಾಯಿಂಟ್ ಮಾತ್ರ ಬೇರೆ ಹಳಿಗೆ ತಿರುಗಿತ್ತು. ಲೋಕೊ ಪೈಲಟ್ ಕಂಡು ಗಾಡಿ ನಿಲ್ಲಿಸಿದರು. ಗೂಡ್ಸ್ ಗಾಡಿಯೊಂದಿಗೆ ಮುಖಾಮುಖಿ ಡಿಕ್ಕಿ ತಪ್ಪಿತು. ಮರುದಿನವೇ ವಲಯದ ಹಿರಿಯ ಕಾರ್ಯಾಚರಣೆ ಅಧಿಕಾರಿಯೊಬ್ಬರು ಪತ್ರ ಬರೆದರು. ಮೆಮೊ ಕೊಡದೆ ಲೊಕೇಶನ್ ಬಾಕ್ಸ್ ತೆರೆದು ಕೈಯಾಡಿಸುವುದರಿಂದ ಇಂಟರ್‌ಲಾಕಿಂಗ್‌ನ ಮೂಲ ನಿಯಮವೇ ಮುರಿಯುತ್ತಿದೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತವಾದೀತು ಎಂದು ಎಚ್ಚರಿಸಿದರು.

ನಾಲ್ಕು ತಿಂಗಳು ತುಂಬಿರಲಿಲ್ಲ. ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಕ್ಕಿತು, ಪಾಯಿಂಟ್ ಲೂಪ್ ಹಳಿಗೆ ಇತ್ತು. ಅದು ನಿಂತಿದ್ದ ಗೂಡ್ಸ್‌ಗೆ ಬಡಿಯಿತು; ಹಳಿತಪ್ಪಿದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿಗೂ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಕಂಡದ್ದು ಇಷ್ಟು: 2018ರಲ್ಲಿ ತಂತಿ ಬದಲಿಸಿದಾಗ ಆದ ತಪ್ಪು, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ತಿದ್ದದೆ ಉಳಿದ ತಪ್ಪು ಹೆಸರು, ಅದರ ಮೇಲೆ ಅಂದು ಗೇಟಿನ ಕೆಲಸ. ತಂತಿ ಸುಳ್ಳು ಹೇಳಿತು, ಕಂಪ್ಯೂಟರ್ ನಂಬಿತು.

ಒಂದು ಮಾತು, ಉರ್ದು ಮೇಷ್ಟ್ರಾದ್ದರಿಂದ ಹೇಳುತ್ತೇನೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ನಮ್ಮ ಕನ್ನಡ ಕಚೇರಿಗಳಲ್ಲಿ ಅಮಾನತು ಎಂದರೆ ಕೆಲಸದಿಂದ ದೂರ ಇಡುವುದು. ಮೆಮೊ ಬರೆಯಲು ಹಿಡಿಯುವ ಐದು ನಿಮಿಷ ಮೊದಲನೆಯ ಅರ್ಥದ್ದು. ನಾಳೆ ಕೋಡ್ ಬರೆಯುವವರು, ವೈರಿಂಗ್ ಮಾಡುವವರು ನೀವೇ. ‘ಟೆಸ್ಟಿಂಗ್ ಆಮೇಲೆ ನೋಡೋಣ’ ಎನ್ನುವ ಮೇಲಧಿಕಾರಿ ಎಲ್ಲೆಡೆ ಸಿಗುತ್ತಾರೆ. ಆಗ ಅವರಿಗೆ ಬರಹದಲ್ಲಿ ಕೊಡಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ.

ಬಹನಾಗಾ ಅಪಘಾತದ ಬೆನ್ನಿಗೇ, ರಿಲೇ ಕೊಠಡಿಗಳಿಗೆ ಎರಡು ಬೀಗ ಇವೆಯೇ, ಬಾಗಿಲು ತೆರೆದುದನ್ನು ಬರೆದಿಡುತ್ತಾರೆಯೇ ಎಂದು ಪರಿಶೀಲಿಸಲು ರೈಲ್ವೆ ಮಂಡಳಿ ಎಲ್ಲ ವಲಯಗಳಿಗೆ ಆದೇಶ ಕಳಿಸಿತು.