ವಾಸಿಯಾಗಲೆಂದು ಕಾಯಬೇಡಿ, ಶಾಲೆಗೆ ಸೇರಿಸಿ
(ಶ್ರೀರಾಂಪುರದಲ್ಲಿ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಅಂಗವೈಕಲ್ಯವುಳ್ಳ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುವ ತಂದೆತಾಯಿಗಳು ಮತ್ತೆ ಮತ್ತೆ ಹೇಳುವ ಮಾತೊಂದಿದೆ: "ಡಾಕ್ಟರೇ, ಮೊದಲು ವಾಸಿಯಾಗಲಿ, ಆಮೇಲೆ ಸ್ಕೂಲಿಗೆ ಕಳಿಸ್ತೀವಿ." ಈ ಮಾತಿನಲ್ಲಿ ಮಮತೆಯಿದೆ. ಆದರೆ ಮಗುವಿಗೆ ಒದಗುವ ಹಾನಿಯೂ ಇದರಲ್ಲಿಯೇ ಅಡಗಿದೆ.

ಹುಟ್ಟು ಕಿವುಡುತನ, ಮೆದುಳಿಗೆ ಪೆಟ್ಟಾಗಿ ಬಿಗಿದ ಕೈಕಾಲು, ಬುದ್ಧಿಯ ನಿಧಾನ ಬೆಳವಣಿಗೆ, ಇವು ಜ್ವರದಂತೆ ಬಂದು ಹೋಗುವ ಕಾಯಿಲೆಗಳಲ್ಲ. ವಾಸಿಯಾಗುವ ದಿನಕ್ಕಾಗಿ ಕಾದು ಕುಳಿತರೆ ಕಲಿಯುವ ವಯಸ್ಸೇ ಕಳೆದುಹೋಗುತ್ತದೆ. ಚಿಕಿತ್ಸೆ ಮತ್ತು ಶಾಲೆ ಜೊತೆಜೊತೆಯಾಗಿ ಸಾಗಬೇಕು.

ಮೂರು ವರ್ಷವಾದರೂ ಮಗು ಮಾತನಾಡುತ್ತಿಲ್ಲವೆಂದು ತಾಯಿಯೊಬ್ಬರು ಬಂದಾಗ, "ಕೆಲವು ಮಕ್ಕಳಿಗೆ ಮಾತು ತಡ" ಎಂದು ನಾನೇ ಸಮಾಧಾನ ಹೇಳಿ ಕಳುಹಿಸಿದ್ದೆ. ಮರುವರ್ಷ ಪರೀಕ್ಷೆ ಮಾಡಿಸಿದಾಗ ಮಗುವಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಆ ಒಂದು ವರ್ಷವನ್ನು ನಾನು ಹಿಂದಿರುಗಿಸಿ ಕೊಡಲಾರೆ. ಆದಕಾರಣ ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗುವನ್ನು ಒಡನೆಯೇ ಪರೀಕ್ಷೆಗೆ ಕರೆತನ್ನಿರಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಹಾಗೂ ಮಾತಿನ ತರಬೇತಿ ದೊರೆಯುತ್ತವೆ.

ಇಂತಹ ಮಗುವನ್ನು ಊರಿನ ಶಾಲೆಗೆ ಸೇರಿಸಬಹುದೇ ಎಂದು ನೀವು ಕೇಳಬಹುದು. ಖಂಡಿತವಾಗಿಯೂ ಸೇರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ಸಮೀಪದ ಶಾಲೆಯಲ್ಲಿ, ಇಲ್ಲವೇ ತಾವು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪ್ರಮಾಣಪತ್ರಕ್ಕಾಗಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿರಿ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯಿದ್ದರೆ, ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಡಿನ ಬಗ್ಗೆ ಹೊಸದುರ್ಗದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ.

ಶಾಲೆಯಲ್ಲಿ ಬೇಕಾದ ಅನುಕೂಲಗಳು ಬಹುಮಟ್ಟಿಗೆ ಸರಳವಾದುವು. ಕಿವಿ ಮಂದವಾದ ಮಗುವಿಗೆ ಉಪಾಧ್ಯಾಯರ ಮುಖ ಕಾಣುವ ಜಾಗ, ದೃಷ್ಟಿ ಮಂದವಾದ ಮಗುವಿಗೆ ಮುಂದಿನ ಸಾಲು ಮತ್ತು ದಪ್ಪಕ್ಷರ, ಊರುಗೋಲಿನ ಮಗುವಿಗೆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು, ನಿಧಾನವಾಗಿ ಕಲಿಯುವ ಮಗುವಿಗೆ ತುಸು ಹೆಚ್ಚು ತಾಳ್ಮೆ. ಜೊತೆಯಲ್ಲಿ ಆಡಿ ಓದಿದ ಮಕ್ಕಳು ಕುಂಟ, ಕಿವುಡ ಎಂದು ಹಂಗಿಸುವುದನ್ನು ಮರೆತು, ಹೆಸರು ಹಿಡಿದು ಕರೆಯಲು ಕಲಿಯುತ್ತಾರೆ.

ಗಂಡಂದಿರಲ್ಲಿ ಒಂದು ಮಾತು. ವೈಕಲ್ಯಕ್ಕಾಗಿ ಹೆತ್ತ ತಾಯಿಯನ್ನಾಗಲಿ, ಹಿಂದಿನ ಜನ್ಮದ ಕರ್ಮವನ್ನಾಗಲಿ ದೂಷಿಸುವುದು ತರವಲ್ಲ. ಶಾಲೆಗೆ ಸೇರಿಸುವ ದಿನ ಇಬ್ಬರೂ ಕೂಡಿ ಹೋಗಿರಿ. ಅಣ್ಣ ತಂಗಿಯರು ಹಿಡಿದ ದಾರಿಯಲ್ಲಿಯೇ ಆ ಮಗುವೂ ಶಾಲೆಗೆ ಹೋಗಲಿ ಎಂಬುದೇ ನನ್ನ ಕಳಕಳಿಯ ವಿನಂತಿ.