ಮಗು ಬರೆದ ಕಥೆಯೂ ಅಚ್ಚಾಗಲಿ!



1982ರಲ್ಲಿ ಗೋಕಾಕ್ ವರದಿ ಜಾರಿಯಾಗಲಿ ಎಂದು ನಾಡಿಗೆ ನಾಡೇ ಬೀದಿಗಿಳಿಯಿತು. ಡಾ. ರಾಜ್‌ಕುಮಾರ್ ಊರೂರು ಸುತ್ತಿದರು. 2014ರಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2015ರಲ್ಲಿ, ಒಂದು ಭಾಷೆಯಾಗಿಯಾದರೂ ಕನ್ನಡ ಕಲಿಸಲೇಬೇಕೆಂಬ ಕಾಯ್ದೆ ಬಂತು. ಇದೆಲ್ಲ ಕನ್ನಡವನ್ನು ಶಾಲೆಯ ಬಾಗಿಲೊಳಗೆ ಸೇರಿಸುವ ಹೋರಾಟ. ಒಳಗೆ ಹೋದ ಕನ್ನಡ ಅಲ್ಲಿ ಏನು ಮಾಡುತ್ತಿದೆ? ಅದನ್ನು ನಾವು ಯಾರಾದರೂ ಕೇಳಿದ್ದೇವೆಯೇ?

ನಾನು ಹೇಳುತ್ತೇನೆ ಕೇಳಿ. ಅದು ಕಾಪಿ ಬರೆಯುತ್ತಿದೆ! ಗೈಡಿನ ಉತ್ತರ ಬಾಯಿಪಾಠ ಮಾಡುತ್ತಿದೆ. ಶಾಲೆಗಳ ವಾರ್ಷಿಕ ಸಂಚಿಕೆಗಳು ನನ್ನಂಥವರ ಪ್ರೆಸ್ಸಿಗೆ ಬರುತ್ತವೆ. 'ನನ್ನ ಮೆಚ್ಚಿನ ಹಬ್ಬ' ಎಂದು ಹತ್ತು ಮಕ್ಕಳು ಬರೆದಿರುತ್ತಾರೆ. ಹತ್ತೂ ಒಂದೇ! ಬೇವು-ಬೆಲ್ಲ, ಹೊಸ ಬಟ್ಟೆ, ಒಬ್ಬಟ್ಟು. ಆ ಮಗುವಿನ ಮನೆಯಲ್ಲಿ ಆ ವರ್ಷ ಹಬ್ಬ ನಡೆಯಿತೋ ಇಲ್ಲವೋ, ಸಾಲದಲ್ಲಿದ್ದ ಅಪ್ಪ ಊರಿಗೆ ಬಂದನೋ ಇಲ್ಲವೋ, ಒಂದಕ್ಷರವೂ ಇಲ್ಲ. ತನ್ನ ಮಾತನ್ನೇ ಬರೆಯಲು ಬಾರದ ಭಾಷೆಯನ್ನು ಮಗು ಯಾಕೆ ಉಳಿಸಿಕೊಳ್ಳಬೇಕು ಸ್ವಾಮಿ? ಅಂಕ ಬಂತು, ಭಾಷೆ ಹೋಯಿತು.

ಪ್ರೆಸ್ಸು ತಂದ ಮೇಷ್ಟ್ರು

ಫ್ರಾನ್ಸಿನ ಒಬ್ಬ ಮೇಷ್ಟ್ರ ವಿಚಾರ ನಿಮಗೆ ಹೇಳಬೇಕು. ಹೆಸರು ಸೆಲೆಸ್ಟಿನ್ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ಗಂಟೆಗಟ್ಟಲೆ ನಿಂತು ಪಾಠ ಹೇಳುವ ಶಕ್ತಿ ಹೋಗಿತ್ತು. ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿ ಶಾಲೆಯಲ್ಲಿ ಕೆಲಸ. ಆತ 1924ರಲ್ಲಿ ಒಂದು ಸಣ್ಣ ಕೈಮುದ್ರಣ ಯಂತ್ರವನ್ನು ತರಗತಿಗೇ ತಂದಿಟ್ಟ! ಮಕ್ಕಳು ತಾವು ಕಂಡದ್ದನ್ನು ಬರೆದರು. ಯಾವುದು ಅಚ್ಚಾಗಬೇಕೆಂದು ತಾವೇ ಓಟು ಹಾಕಿ ಆರಿಸಿದರು. ತಾವೇ ಮೊಳೆ ಜೋಡಿಸಿದರು, ಲಿನೋಲಿಯಂ ಹಾಳೆ ಕೊರೆದು ಚಿತ್ರ ಅಚ್ಚು ಹಾಕಿದರು. ದೂರದ ಬ್ರಿಟನಿ ಪ್ರಾಂತದ ಶಾಲೆಯ ಮಕ್ಕಳಿಗೆ ಕಳಿಸಿ, ಅವರದನ್ನು ತರಿಸಿ ಓದಿದರು.

ಮೊಳೆ ಜೋಡಿಸಿದವರಿಗೆ ಇದರ ಗುಟ್ಟು ಗೊತ್ತು. ಒಂದು ಒತ್ತು ಬಿಟ್ಟರೆ ಇಡೀ ಸಾಲು ಕೆಡುತ್ತದೆ. ಅಚ್ಚಾಗುವುದು ತನ್ನದೇ ಮಾತು ಎಂದಾಗ ಮಗು ತಪ್ಪನ್ನು ತಾನೇ ಹುಡುಕುತ್ತದೆ. ಕೋಲೂ ಬೇಡ, ಕೆಂಪು ಶಾಯಿಯೂ ಬೇಡ.

ಫ್ರಾನ್ಸ್ ದೂರವಾಯಿತೇ? ಮಧ್ಯಪ್ರದೇಶದ ಏಕಲವ್ಯ ಸಂಸ್ಥೆ 1985ರಲ್ಲಿ ಶುರು ಮಾಡಿದ 'ಚಕ್‌ಮಕ್' ಹಿಂದಿ ಪತ್ರಿಕೆ, ಮಕ್ಕಳು ಬರೆದದ್ದಕ್ಕೂ ಬಿಡಿಸಿದ್ದಕ್ಕೂ ಪುಟ ಕೊಟ್ಟಿತು. ಹಿಂದಿ ಹೇರಿಕೆಗೆ ನಮ್ಮ ವಿರೋಧ ಇದ್ದೇ ಇದೆ. ಹಿಂದಿಯವರ ಒಳ್ಳೆಯ ಕೆಲಸ ನೋಡಿ ಕಲಿಯಲು ಏನಡ್ಡಿ? ನಮ್ಮ ಕಾರಂತಜ್ಜನೂ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕಟ್ಟಿಹಾಕದೆ ಕಲಿಸಲು ನೋಡಿದವರೇ.

ಏನು ಮಾಡಬೇಕು?

ಮೇಷ್ಟ್ರುಗಳೇ, ತಾಯಂದಿರೇ, ಇದಕ್ಕೆ ಯಂತ್ರ ಬೇಡ. ಒಂದು ದೊಡ್ಡ ಹಾಳೆ ಸಾಕು. ಮೂರು ಸಲ ಮಡಚಿದರೆ 8 ಎಲೆ, 16 ಪುಟ. ಬೆನ್ನಿಗೆ ಸೂಜಿ ದಾರ ಹಾಕಿ ಅಂಚು ಕತ್ತರಿಸಿದರೆ ಪುಸ್ತಕ ಆಯಿತು.

'ನೀತಿ ಕಥೆ ಬರಿ' ಎನ್ನಬೇಡಿ. 'ನಿನ್ನೆ ಏನು ನೋಡಿದೆ?' ಎನ್ನಿ. ಮೊದಲು ಬಾಯಲ್ಲಿ ಹೇಳಲಿ. ಸಣ್ಣ ಮಕ್ಕಳು ಮೊದಲು ಚಿತ್ರ ಬಿಡಿಸಲಿ, ಅದರ ಕೆಳಗೆ ಎರಡು ಸಾಲು ಬರೆಯಲಿ. ಪುಟ ತಿರುಗಿಸಿದರೆ ಮುಂದೇನು ಎಂದು ಯೋಚಿಸಲಿ. ಚಿತ್ರ ತೋರಿಸಿದ್ದನ್ನು ಮಾತಿನಲ್ಲಿ ಮತ್ತೆ ಹೇಳಬೇಕಿಲ್ಲ ಎಂದು ಆಗ ತಾನಾಗಿ ತಿಳಿಯುತ್ತದೆ. ಕರಿಹಲಗೆಯ ಮೇಲೆ ನೀವು ಬರೆದ ಮಾವಿನಹಣ್ಣನ್ನು ನೋಡಿ ಬರೆಯಿಸಬೇಡಿ. ಅವನ ಮನೆಯ ಹಸುವಿಗೆ ಒಂದು ಕೊಂಬು ಮುರಿದಿದ್ದರೆ ಮುರಿದ ಕೊಂಬೇ ಬರಲಿ. ಆಮೇಲೆ ತರಗತಿಗೆ ಗಟ್ಟಿಯಾಗಿ ಓದಲಿ. ಅರ್ಥವಾಗದ ಕಡೆ ಗೆಳೆಯರೇ ಕೇಳುತ್ತಾರೆ. ಕಾಗುಣಿತ ತಿದ್ದುವುದು ಕಟ್ಟಕಡೆಗೆ, ಅಚ್ಚಿಗೆ ಮುನ್ನ.

'ಹೀಗೆ ಬಿಟ್ಟರೆ ಶುದ್ಧ ಕನ್ನಡದ ಗತಿ ಏನು?' ಎಂದು ಕೆಲವರು ಹುಬ್ಬೇರಿಸುತ್ತಾರೆ. ಧಾರವಾಡದ ಹುಡುಗಿ 'ಅವ್ವ ರೊಟ್ಟಿ ಬಡಿಲಿಕ್ಕತ್ತಿದ್ಳು' ಎಂದು ಬರೆದರೆ ಯಾವ ಕನ್ನಡ ಕೆಟ್ಟಿತು? ಕುಂದಾಪುರದ ಹುಡುಗ 'ಹ್ವಾಯ್' ಎಂದು ಕೂಗಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಗು ತನ್ನ ಅಜ್ಜಿಯ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆಯಲಿ. ಪುಸ್ತಕದ ಕನ್ನಡ ಆಮೇಲೆ ಬರುತ್ತದೆ. ಮನೆಮಾತಿಗೇ ಕೆಂಪು ಗೀಟು ಎಳೆದರೆ ಆ ಮಗು ಬಾಯಿ ಮುಚ್ಚುತ್ತದೆ, ಆಮೇಲೆ ಇಂಗ್ಲಿಷಿನಲ್ಲೇ ಬಾಯಿ ತೆರೆಯುತ್ತದೆ. ಇದು ಬೇಕೇ ನಮಗೆ?

ನಮ್ಮ ಸಂಘಟನೆಗಳಿಗೆ ಒಂದು ಮಾತು

ಬೇಸರ ಬೇಡ, ನೇರವಾಗಿ ಹೇಳುತ್ತೇನೆ. ನವೆಂಬರ್ ಬಂತೆಂದರೆ ಶಾಮಿಯಾನ, ಧ್ವನಿವರ್ಧಕ, ಆರ್ಕೆಸ್ಟ್ರಾ! ಮಾರನೆಯ ದಿನ ಉಳಿಯುವುದು ಹರಿದ ತೋರಣ. ಒಂದು ರಾತ್ರಿಯ ಆರ್ಕೆಸ್ಟ್ರಾ ಬಿಡಿ. ಆ ಹಣದಲ್ಲಿ ನಿಮ್ಮ ಬಡಾವಣೆಯ ಒಂದು ಕನ್ನಡ ಶಾಲೆಯ ಮಕ್ಕಳ ಕಥೆ-ಚಿತ್ರಗಳ 16 ಪುಟದ ಪುಸ್ತಕ ಅಚ್ಚು ಹಾಕಿಸಿ. ಶಾಸಕರ ಫೋಟೋ ಬೇಡ, ಅಧ್ಯಕ್ಷರ ಸಂದೇಶವೂ ಬೇಡ. ಮುಖಪುಟದ ಮೇಲೆ ಮಗುವಿನ ಹೆಸರು, ಮಗು ಬರೆದ ಚಿತ್ರ, ಅಷ್ಟೇ ಇರಲಿ. ರಾಜ್ಯೋತ್ಸವದ ವೇದಿಕೆಗೆ ಆ ಮಗುವನ್ನೇ ಹತ್ತಿಸಿ ಓದಿಸಿ.

ನನ್ನ ವೃತ್ತಿಬಾಂಧವರಾದ ಮುದ್ರಕರಲ್ಲೂ ಕೇಳುತ್ತೇನೆ. ಅಂಚು ಕತ್ತರಿಸಿ ಉಳಿದ ಕಾಗದವನ್ನು ನಾವು ತೂಕಕ್ಕೆ ಹಾಕುತ್ತೇವೆ. ಅದರಲ್ಲಿ ಒಂದು ಕಟ್ಟನ್ನು ಹತ್ತಿರದ ಶಾಲೆಗೆ ಕಳಿಸಿ. ಮಕ್ಕಳನ್ನು ಒಂದು ದಿನ ಪ್ರೆಸ್ಸಿಗೆ ಕರೆಯಿರಿ. ತಮ್ಮ ಹೆಸರು ಕನ್ನಡದಲ್ಲಿ ಅಚ್ಚಾಗಿ ಬರುವುದನ್ನು ಕಣ್ಣಾರೆ ನೋಡಲಿ.

ಬೋರ್ಡು ಕನ್ನಡವಾಗಬೇಕು, ನಿಜ. ಆ ಬೋರ್ಡನ್ನು ಮುಂದೆ ಓದುವವರು ಈ ಮಕ್ಕಳೇ. ಕನ್ನಡ ತಮ್ಮ ಸ್ವಂತ ಆಸ್ತಿ ಎಂದು ಅವರಿಗೆ ಅನ್ನಿಸಲಿ.