ಮನಸ್ಸಿಗೂ ಒಂದು ತೂಬು ಬೇಕು
(ಮಾರಿಕಣಿವೆ ಸುತ್ತಿನ ಹಳ್ಳಿಗಳಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುವ ಹಿರಿಯರ ಕೂಟದಲ್ಲಿ ಮಾಡಿದ ಭಾಷಣ)



ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ನಮ್ಮ ಹುಡುಗರು ಅಲ್ಲೇ ಕಬಡ್ಡಿಗೆ ಗೆರೆ ಎಳೆಯುತ್ತಾರೆ. ಅವರ ಮೈಗೆ ಕಸರತ್ತು ಕಲಿಸುತ್ತೀರಿ. ಮನಸ್ಸಿಗೆ ಏನು ಕಲಿಸುತ್ತೀರಿ?

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಕೊನೆಯ ದಾಳಿಯಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬನನ್ನು ಊರವರೆದುರಿಗೆ ಬೈದೆ. ಅವನು ಎದುರಾಡಲಿಲ್ಲ. ಮುಂದಿನ ವರ್ಷ ಪಂದ್ಯ ಮತ್ತೆ ಬಂತು, ಹುಡುಗ ಬರಲಿಲ್ಲ.

ನಮ್ಮ ಅಣೆಕಟ್ಟು ಮುಗಿದದ್ದು 1907ರಲ್ಲಿ. ಮರುವರ್ಷ ಅಮೆರಿಕದ ಯರ್ಕೀಸ್ ಮತ್ತು ಡಾಡ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಗಳು ತಪ್ಪಿದಾಗ ವಿದ್ಯುತ್ತಿನ ಪೆಟ್ಟು ಕೊಟ್ಟು ನೋಡಿದ್ದರು. ಸುಲಭದ ಪಾಠವನ್ನು ಪೆಟ್ಟು ಜೋರಾದಷ್ಟೂ ಬೇಗ ಕಲಿತವು. ಕಷ್ಟದ ಪಾಠದಲ್ಲಿ ಪೆಟ್ಟು ಹದ ಮೀರಿದಾಗ ಕಲಿಕೆಯೇ ನಿಧಾನವಾಯಿತು. ಹೋರಿಗೆ ನೊಗ ಕಲಿಸಿದ ನಿಮಗೆ ಇದು ಹೊಸದಲ್ಲ. ಬಾರುಕೋಲು ಹೆಚ್ಚಾದರೆ ಅದು ಸಾಲು ತಪ್ಪುತ್ತದೆ. ಕಬಡ್ಡಿ ದಾಳಿಯೂ ಕಷ್ಟದ ಪಾಠವೇ. 30 ಸೆಕೆಂಡಿನಲ್ಲಿ ಏಳು ಜನರ ಕೈಕಾಲು ನೋಡಬೇಕು. ಹೆದರಿದವನ ಕಣ್ಣಿಗೆ ಒಬ್ಬಿಬ್ಬರೇ ಬೀಳುತ್ತಾರೆ.

ಹಾಗೆಂದು ಆವೇಶವೇ ಬೇಡವೆನ್ನುವುದಿಲ್ಲ. ವೇದಾವತಿಯ ನೀರು ತುಂಬಿರಲಿ, ತೂಬು ನಮ್ಮ ಕೈಯಲ್ಲಿರಲಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದುದನ್ನು ಕಂಡಿರಿ. ಕೋಡಿಯ ನೀರು ನಾವು ಹೇಳಿದ ಕಾಲುವೆಯಲ್ಲಿ ಹರಿಯುವುದಿಲ್ಲ.

ಮನಸ್ಸಿನ ತೂಬು ಉಸಿರು. ದಾಳಿಗೆ ಮುನ್ನ ಹುಡುಗ ಮೂರು ಸಲ ನಿಧಾನವಾಗಿ ಉಸಿರಾಡಲಿ; ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ಎದೆಬಡಿತ ಹತೋಟಿಗೆ ಬರುತ್ತದೆ.

ಆಮೇಲೆ ಅವನಿಗೆ ಒಂದೇ ಮಾತು ಹೇಳಿ: "ಎಡಮೂಲೆಯವನ ಕಾಲು ನೋಡು." "ಸೋತರೆ ಊರ ಮಾನ ಹೋಯಿತು" ಎನ್ನಬೇಡಿ. ಅದರಿಂದ ಅವನಿಗೆ ಮಾಡಬೇಕಾದ ಕೆಲಸ ತಿಳಿಯುವುದಿಲ್ಲ, ಹೊರೆ ಮಾತ್ರ ಏರುತ್ತದೆ.

ತಪ್ಪಾದರೆ ಆಟ ಮುಗಿದ ಮೇಲೆ ಒಬ್ಬನನ್ನೇ ಕರೆದು ತಿದ್ದಿ. ಏನಾಯಿತೆಂದು ಮೊದಲು ಅವನೇ ಹೇಳಲಿ. ಅಭ್ಯಾಸದ ದಿನವೇ ಸುತ್ತ ಜನ ನಿಲ್ಲಿಸಿ ಗದ್ದಲ ಮಾಡಿಸಿ. ಜಾತ್ರೆಯ ಪಂದ್ಯದ ಗದ್ದಲ ಆಗ ಹೊಸದೆನಿಸದು.

ದೊಡ್ಡ ಆಟಗಾರರಿಗೂ ಮನಸ್ಸಿನ ತರಬೇತಿ ಬೇಕು. 2011ರಲ್ಲಿ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡಕ್ಕೆ ಅದಕ್ಕೆಂದೇ ಪ್ಯಾಡಿ ಅಪ್ಟನ್ ಇದ್ದರು. 2024ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರೂ ಅಪ್ಟನ್ನರ ನೆರವು ಪಡೆದರು.

ಆ ಹುಡುಗನ ಮನೆಗೆ ನಾನು ಬಹಳ ತಡವಾಗಿ ಹೋದೆ. ನಿಮ್ಮೂರಲ್ಲೂ ಹಾಗೆ ಆಟ ಬಿಟ್ಟ ಹುಡುಗನಿದ್ದರೆ, ಈ ಸಂಜೆಯೇ ಹೋಗಿ ಕರೆತನ್ನಿ.